ಥೈಲೇರಿಯಾ: ಹಸುವಿನ ಜೀವಕೋಶವನ್ನೇ ದುಡಿಸಿಕೊಳ್ಳುವ ರೋಗಾಣು

ಮಂಡ್ಯ ಸೀಮೆಯಲ್ಲಿ ಕಬ್ಬಿನ ದುಡ್ಡು ಬರುವುದು ಕಟಾವು ಮುಗಿದ ಮೇಲೆ. ಭತ್ತದ ದುಡ್ಡು ನಾಲೆಗೆ ನೀರು ಬಿಟ್ಟ ವರ್ಷ. ಅಂಗಡಿ ಬಾಕಿ, ಮಕ್ಕಳ ಫೀಸು, ಆಸ್ಪತ್ರೆ ಖರ್ಚು ನಡೆಯುವುದು ಹಾಲಿನಿಂದ. ಬೆಳಗ್ಗೆ ಸಂಜೆ ಡೇರಿಗೆ ಹಾಕುವ ಆ ಹಾಲಲ್ಲಿ ಸೀಮೆಹಸುವಿನ ಪಾಲೇ ಜಾಸ್ತಿ. ಅಂಥ ಹಸು ಒಂದು ದಿನ ಮೇವು ಬಿಟ್ಟು, ಕಣ್ಣಲ್ಲಿ ನೀರು ಸುರಿಸುತ್ತಾ ನಿಂತುಬಿಡುತ್ತದೆ. ಹಾಲು ಅರ್ಧಕ್ಕಿಳಿಯುತ್ತದೆ. ಥರ್ಮಾಮೀಟರ್ ಇಟ್ಟರೆ 105, 106 ಡಿಗ್ರಿ. ಆಗ ಡಾಕ್ಟ್ರು ಮೊದಲು ಕೈ ಇಡುವುದು ಹಸುವಿನ ಭುಜದ ಮುಂದೆ. ಅಲ್ಲೊಂದು ಗ್ರಂಥಿ ಇದೆ. ಆರೋಗ್ಯವಾಗಿರುವ ಹಸುವಿನಲ್ಲಿ ಅದು ಬೆರಳಿಗೆ ಸಿಕ್ಕೂ ಸಿಗದ ಹಾಗೆ ಜಾರುತ್ತದೆ. ಥೈಲೇರಿಯಾ ಬಂದ ಹಸುವಿನಲ್ಲಿ ಗಂಟು ಕಟ್ಟಿ, ದೂರದಿಂದಲೇ ಕಾಣುವಷ್ಟು ಊದಿರುತ್ತದೆ.

ಆ ಗಂಟು ಕೀವಿನಿಂದ ಊದಿದ್ದಲ್ಲ. ಅದರ ತುಂಬ ಇರುವುದು ಹಸುವಿನದೇ ಬಿಳಿ ರಕ್ತಕಣಗಳು. ಒಂದು ಪುಟ್ಟ ಪರೋಪಜೀವಿ ಒಳಗೆ ಸೇರಿಕೊಂಡು, ಆ ಕಣಗಳು ತಡೆಯಿಲ್ಲದೆ ಹೆಚ್ಚುವಂತೆ ಮಾಡಿದೆ. ಇದಕ್ಕೆ ಅದು ಬಳಸುವುದು ಜೀವಕೋಶದೊಳಗಿನ ಎಳೆಗಳನ್ನು. ಈ ಎಳೆಗಳ ವಿಷಯ ಕಾಲೇಜು ಪಠ್ಯದಲ್ಲಿ ಒಂದು ಪುಟ ಓದಿ ಮರೆತುಬಿಡುವಂಥದ್ದು ಅನ್ನಿಸಬಹುದು. ಆದರೆ ಈ ಜ್ವರಕ್ಕೆ ಔಷಧಿ ಯಾಕೆ ಒಂದೇ ಇದೆ, ಆ ಒಂದನ್ನು ನಾವು ಯಾಕೆ ಕಾಪಾಡಿಕೊಳ್ಳಬೇಕು ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ರೋಗಾಣುವಿನ ಪೂರ್ತಿ ಹೆಸರು ಥೈಲೇರಿಯಾ ಆನ್ಯುಲೇಟಾ. ಒಂದೇ ಜೀವಕೋಶದ ಜೀವಿ, ಮಲೇರಿಯಾ ರೋಗಾಣುವಿನ ದೂರದ ನೆಂಟ. ಇದನ್ನು ಹರಡುವುದು ಹಯಲೋಮಾ ಜಾತಿಯ ಉಣ್ಣೆ. ಉಣ್ಣೆ ಕಚ್ಚಿದ ತಕ್ಷಣ ರೋಗ ದಾಟುವುದಿಲ್ಲ. ಅದು ರಕ್ತ ಹೀರಲು ಶುರು ಮಾಡಿದ ಮೇಲೆ ಅದರ ಜೊಲ್ಲುಗ್ರಂಥಿಯಲ್ಲಿ ರೋಗಾಣು ಬಲಿಯಬೇಕು. ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಈ ಎರಡು ಮೂರು ದಿನಗಳು ರೈತರಿಗೆ ಸಿಗುವ ದೊಡ್ಡ ಅವಕಾಶ, ಆ ಮಾತಿಗೆ ಆಮೇಲೆ ಬರುತ್ತೇನೆ.

ಒಳಗಿನ ಎಳೆಗಳು

ಜೀವಕೋಶಕ್ಕೂ ಒಂದು ಅಸ್ಥಿಪಂಜರ ಇದೆ. ಆದರೆ ನಮ್ಮ ಮೂಳೆಗಳ ಹಾಗೆ ಒಂದು ಸಲ ಬೆಳೆದು ನಿಂತದ್ದಲ್ಲ. ಮದುವೆ ಚಪ್ಪರದ ಹಾಗೆ, ಬೇಕಾದ ಕಡೆ ಎಬ್ಬಿಸಿ, ಕೆಲಸ ಮುಗಿದ ಮೇಲೆ ಬಿಚ್ಚಿ, ಅದೇ ಸಾಮಾನನ್ನು ಇನ್ನೊಂದು ಕಡೆ ಕಟ್ಟುವಂಥದ್ದು. ಅದರಲ್ಲಿ ಮುಖ್ಯವಾಗಿ ಮೂರು ಬಗೆಯ ಎಳೆಗಳಿವೆ. ಆಕ್ಟಿನ್ ಎಳೆಗಳು ತೀರಾ ಸಣ್ಣ, ಸುಮಾರು 7 ನ್ಯಾನೋಮೀಟರ್ ದಪ್ಪ. ಕೋಶದ ಅಂಚಿನಲ್ಲಿ ಹೆಣೆದುಕೊಂಡು ಅದರ ಆಕಾರ, ಓಡಾಟ ನೋಡಿಕೊಳ್ಳುತ್ತವೆ. ಮೈಕ್ರೋಟ್ಯೂಬ್ಯೂಲ್‌ಗಳು ಟ್ಯೂಬುಲಿನ್ ಅನ್ನುವ ಪ್ರೋಟೀನಿನ ಕೊಳವೆಗಳು, ಸುಮಾರು 25 ನ್ಯಾನೋಮೀಟರ್ ದಪ್ಪ. ಕೋಶದೊಳಗಿನ ಸಾಗಾಟ ಇವುಗಳ ಮೇಲೆ ನಡೆಯುತ್ತದೆ. ಕೋಶ ಎರಡಾಗುವ ಹೊತ್ತಿಗೆ ಇವೇ ಕದಿರೆಳೆಗಳಾಗಿ ನಿಂತು ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆದು ಹಂಚುತ್ತವೆ. ಮೂರನೆಯ ಬಗೆ ಇವೆರಡರ ನಡುವಿನ ದಪ್ಪದ್ದು. ನಮ್ಮ ಇವತ್ತಿನ ಕಥೆಗೆ ಅದು ಅಷ್ಟಾಗಿ ಬೇಕಿಲ್ಲ.

ಕೋಶದೊಳಗೆ ಬದುಕುವ ಪರೋಪಜೀವಿಗಳೆಲ್ಲ ಈ ಎಳೆಗಳ ಜೊತೆ ಒಂದಲ್ಲ ಒಂದು ರೀತಿ ವ್ಯವಹಾರ ಮಾಡಲೇಬೇಕು. ಮಲೇರಿಯಾ ರೋಗಾಣು, ಅದರ ಇನ್ನೊಂದು ನೆಂಟ ಟಾಕ್ಸೋಪ್ಲಾಸ್ಮಾ ಇವೆಲ್ಲ ತಮ್ಮದೇ ಆಕ್ಟಿನ್ ಮತ್ತು ಅದನ್ನು ಎಳೆಯುವ ಮಯೋಸಿನ್ ಅನ್ನುವ ಪ್ರೋಟೀನ್ ಬಳಸಿ, ಒತ್ತಿಕೊಂಡು ಒಳಗೆ ನುಗ್ಗುತ್ತವೆ. ಇದರಲ್ಲಿ ಆಶ್ರಯ ಕೊಟ್ಟ ಕೋಶದ ಪಾತ್ರ ಏನೂ ಇಲ್ಲ, ಅದು ಸುಮ್ನೆ ನಿಂತಿರುತ್ತದೆ ಅಂತ ಬಹಳ ಕಾಲ ನಂಬಿದ್ದರು. ಆಮೇಲಿನ ಪ್ರಯೋಗಗಳಲ್ಲಿ ಬೇರೆ ಸಂಗತಿ ಕಂಡಿತು. ಟಾಕ್ಸೋಪ್ಲಾಸ್ಮಾ ಒಳನುಗ್ಗುವ ಜಾಗದಲ್ಲಿ ಆ ಕೋಶದ ಆಕ್ಟಿನ್ ಕೂಡ ಬಂದು ಸೇರುತ್ತದೆ. ರೋಗಾಣು ಟಾಕ್ಸೋಫಿಲಿನ್ ಅನ್ನುವ ಪ್ರೋಟೀನನ್ನು ಒಳಕ್ಕೆ ಬಿಟ್ಟು, ಅಂಚಿನ ಆಕ್ಟಿನ್ ಹೆಣಿಗೆಯನ್ನು ಸಡಿಲ ಮಾಡಿಕೊಳ್ಳುತ್ತದೆ. ಎಳೆ ಕರುಗಳಿಗೆ ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಇನ್ನೂ ವಿಚಿತ್ರ. ಕರುಳಿನ ಕೋಶದ ಪೊರೆ ಹೊದ್ದುಕೊಳ್ಳುತ್ತದೆ, ಆದರೆ ಪೂರ್ತಿ ಒಳಗೆ ಇಳಿಯುವುದಿಲ್ಲ. ತನ್ನ ಕೆಳಗೆ ಆ ಕೋಶದ ಆಕ್ಟಿನ್ನಿನದೇ ದಪ್ಪ ಹಾಸು ಕಟ್ಟಿಸಿಕೊಂಡು ಅಂಚಿನಲ್ಲೇ ಕೂರುತ್ತದೆ.

ಥೈಲೇರಿಯಾ ಈ ಯಾವುದನ್ನೂ ಮಾಡುವುದಿಲ್ಲ. ಬಿಳಿ ರಕ್ತಕಣ ಸೇರುವ ಹಂತದಲ್ಲಿ ಅದಕ್ಕೆ ಓಡಾಡುವ ಶಕ್ತಿಯೇ ಇಲ್ಲ. ಎದುರಾದ ಕಣಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ ಜಾಗದಿಂದ ಶುರುವಾಗಿ ಎರಡರ ಹೊರಪದರಗಳೂ ಸುತ್ತಲೂ ಒಂದಕ್ಕೊಂದು ಕೂಡುತ್ತಾ ಹೋಗುತ್ತವೆ. ಕಡೆಗೆ ಅದು ಪೂರ್ತಿ ಒಳಗಿರುತ್ತದೆ. ಒಳಗೆ ಹೋಗುವಾಗ ಸುತ್ತಿಕೊಂಡಿದ್ದ ಪೊರೆಯನ್ನು ಕೆಲವೇ ನಿಮಿಷಗಳಲ್ಲಿ ಕರಗಿಸಿಬಿಡುತ್ತದೆ. ಮಲೇರಿಯಾ, ಟಾಕ್ಸೋಪ್ಲಾಸ್ಮಾ ಅಂಥ ಪೊರೆಯೊಳಗೇ ಬಚ್ಚಿಟ್ಟುಕೊಂಡು ಬೆಳೆಯುತ್ತವೆ. ಥೈಲೇರಿಯಾಗೆ ಮರೆ ಬೇಡ. ಪೊರೆ ಕರಗುತ್ತಿದ್ದ ಹಾಗೆ ಹಸುವಿನ ಕೋಶದ ಮೈಕ್ರೋಟ್ಯೂಬ್ಯೂಲ್‌ಗಳು ಬಂದು ಅದರ ಮೈಗೆ ನೇರವಾಗಿ ತಾಗುತ್ತವೆ, ಸುತ್ತುವರಿಯುತ್ತವೆ. ಆ ಹೊತ್ತಿನಿಂದ ಎಳೆಗಳ ಜೊತೆ ಅದರ ಸಂಬಂಧ ಬಿಡುವುದೇ ಇಲ್ಲ.

ಗಂಟಿಗೆ ಸೂಜಿ ಚುಚ್ಚಿ, ಒಂದು ಹನಿ ರಸ ತೆಗೆದು, ಗಾಜಿನ ಸ್ಲೈಡ್ ಮೇಲೆ ಹರಡಿ, ಜಿಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ದೊಡ್ಡ ನೇರಳೆ ಬೀಜಕೇಂದ್ರದ (ನ್ಯೂಕ್ಲಿಯಸ್) ಬಿಳಿ ಕಣ. ಪಕ್ಕದಲ್ಲಿ ತಿಳಿನೀಲಿ ಗುಪ್ಪೆ. ಗುಪ್ಪೆಯ ತುಂಬ ಕೆಂಪು ನೇರಳೆ ಚುಕ್ಕಿಗಳು. ಆ ಗುಪ್ಪೆ ಒಂದೇ ರೋಗಾಣು, ಚುಕ್ಕಿಗಳು ಅದರ ಹಲವು ಬೀಜಕೇಂದ್ರಗಳು. ಕಾಕ್ಸ್ ಬ್ಲೂ ಬಾಡಿ ಅಂತ ಪಶುವೈದ್ಯರು ಕರೆಯುವುದು ಇದನ್ನೇ. ಕ್ಷಯದ ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್ 19ನೇ ಶತಮಾನದ ಕೊನೆಯಲ್ಲಿ ಪೂರ್ವ ಆಫ್ರಿಕದ ದನಗಳಲ್ಲಿ ಇಂಥವನ್ನು ನೋಡಿದ್ದರು.

ಈಗ ಮುಖ್ಯ ಸಂಗತಿ. ರೋಗಾಣು ಕೂತಿರುವ ಕೋಶ ಎರಡಾದರೆ ಏನಾಗಬೇಕು? ಒಂದು ಮರಿಕೋಶಕ್ಕೆ ರೋಗಾಣು ಸಿಕ್ಕಿ, ಇನ್ನೊಂದು ಬರಿದಾಗಿ ಉಳಿಯಬೇಕು ಅಲ್ವಾ? ಹಾಗಾಗುವುದಿಲ್ಲ. ಕೋಶ ಒಡೆಯಲು ತಯಾರಾಗಿ ಕದಿರೆಳೆಗಳನ್ನು ಕಟ್ಟುತ್ತಿದ್ದಂತೆ ಥೈಲೇರಿಯಾ ಅವುಗಳಿಗೆ ಅಂಟಿಕೊಳ್ಳುತ್ತದೆ. ಕ್ರೋಮೋಸೋಮ್‌ಗಳು ಎರಡು ಕಡೆಗೆ ಸರಿಯುವಾಗ ನಡುವಿನ ಎಳೆಗಳ ಉದ್ದಕ್ಕೂ ಚಾಚಿ ಮಲಗಿರುತ್ತದೆ. ಕೋಶ ನಡುವೆ ಕತ್ತರಿಸಿಕೊಂಡಾಗ ರೋಗಾಣುವೂ ಎರಡು ತುಂಡಾಗಿ, ಎರಡೂ ಮರಿಕೋಶಗಳಿಗೆ ಒಂದೊಂದು ಪಾಲು ಸೇರುತ್ತದೆ. ಹೊಸ ಕೋಶ ಹುಡುಕಿಕೊಂಡು ಹೊರಗೆ ಬರುವ ಅಗತ್ಯವೇ ಇಲ್ಲ. ಹೊರಗೆ ಬಂದರೆ ತಾನೇ ಹಸುವಿನ ರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಬೀಳುವುದು?

ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಿಜ್ಞಾನಿಗಳ ತಂಡ ಇದನ್ನು ವರ್ಷಗಟ್ಟಲೆ ಬಿಡಿಸಿ ನೋಡಿದೆ. ಕೋಶ ಒಡೆಯುವುದನ್ನು ನಿಯಂತ್ರಿಸುವ ಪಿಎಲ್‌ಕೆ1 ಅನ್ನುವ ಕಿಣ್ವ ಹಸುವಿನದು. ಥೈಲೇರಿಯಾ ಅದನ್ನು ತನ್ನ ಮೈಮೇಲೆ ಕೂಡಿಸಿಕೊಳ್ಳುತ್ತದೆ ಅಂತ 2010ರಲ್ಲಿ ಅವರು ತೋರಿಸಿದರು. ಆ ಕಿಣ್ವವನ್ನು ತಡೆದರೆ ರೋಗಾಣು ಕದಿರೆಳೆಗಳಿಗೆ ಸರಿಯಾಗಿ ಅಂಟುವುದಿಲ್ಲ. ರೋಗಾಣುವಿನ ಹೊರಮೈಯಲ್ಲಿ ಪಿ104 ಅನ್ನುವ ಪ್ರೋಟೀನ್ ಇದೆ, ಅದು ಹಸುವಿನ ಇಬಿ1 ಅನ್ನುವ ಪ್ರೋಟೀನನ್ನು ಹಿಡಿಯುತ್ತದೆ ಅಂತಲೂ ಗೊತ್ತಾಗಿದೆ. ಇಬಿ1 ಇರುವುದು ಬೆಳೆಯುತ್ತಿರುವ ಮೈಕ್ರೋಟ್ಯೂಬ್ಯೂಲ್‌ಗಳ ತುದಿಯಲ್ಲಿ. ಈ ಪಿ104 ನೆನಪಿರಲಿ, ಮುಂದೆ ಮತ್ತೆ ಬೇಕಾಗುತ್ತದೆ.

ಇಷ್ಟೇ ಆಗಿದ್ದರೂ ಹಸು ತಡೆದುಕೊಳ್ಳುತ್ತಿತ್ತೇನೋ. ಥೈಲೇರಿಯಾ ಕೋಶಕ್ಕೆ ಒಡೆಯುತ್ತಲೇ ಇರು ಅನ್ನುವ ಸೂಚನೆಯನ್ನೂ ಕೊಡುತ್ತದೆ. ಸೋಂಕಿದ ಕಣಗಳು ಹೆಚ್ಚೂ ಕಮ್ಮಿ ಕ್ಯಾನ್ಸರ್ ಕಣಗಳಾಗುತ್ತವೆ. ಸಾಯುವುದಿಲ್ಲ, ಹೆಚ್ಚುವುದನ್ನು ನಿಲ್ಲಿಸುವುದಿಲ್ಲ. ಅವುಗಳ ಅಂಚಿನ ಆಕ್ಟಿನ್ ಹೆಣಿಗೆ ಬದಲಾಗಿ, ಗಂಟಿನಿಂದ ಹೊರಟು ಶ್ವಾಸಕೋಶ, ಹೊಟ್ಟೆ, ಕರುಳು ಎಲ್ಲ ಕಡೆ ತೂರಿಕೊಳ್ಳುತ್ತವೆ. ಮೇಕುಸಿರು, ರಕ್ತಹೀನತೆ, ಕಾಮಾಲೆ ಒಂದರ ಹಿಂದೆ ಒಂದು ಬರುತ್ತವೆ. ವಿಚಿತ್ರ ಅಂದರೆ, ಔಷಧಿ ಹಾಕಿ ರೋಗಾಣುವನ್ನು ಕೊಂದರೆ ಆ ಕಣಗಳ ಹುಚ್ಚು ಬೆಳವಣಿಗೆಯೂ ನಿಲ್ಲುತ್ತದೆ. ಮಾಮೂಲಿ ಕ್ಯಾನ್ಸರ್‌ನಲ್ಲಿ ಹೀಗೆ ಹಿಂದಕ್ಕೆ ಬರುವ ದಾರಿ ಇರುವುದಿಲ್ಲ.

ಸೀಮೆಹಸುವಿಗೇ ಇದು ಯಾಕೆ ಇಷ್ಟು ಜೋರಾಗಿ ಬಡಿಯುತ್ತದೆ ಅನ್ನುವುದಕ್ಕೂ ಇಲ್ಲೇ ಒಂದು ಸುಳಿವಿದೆ. ಸೀಮೆಹಸುವಾದ ಹೋಲ್‌ಸ್ಟೀನ್ ತಳಿಯ ಮತ್ತು ನಮ್ಮ ದೇಶಿ ಸಾಹಿವಾಲ್ ತಳಿಯ ಸೋಂಕಿತ ಕಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಹೋಲ್‌ಸ್ಟೀನ್ ಕಣಗಳು ಟಿಜಿಎಫ್ ಬೀಟಾ 2 ಅನ್ನುವ ಸಂಕೇತ ಪ್ರೋಟೀನನ್ನು ಜಾಸ್ತಿ ಮಾಡುತ್ತವೆ, ಅಂಗಾಂಶಗಳೊಳಗೆ ಜಾಸ್ತಿ ತೂರುತ್ತವೆ. ಸಾಹಿವಾಲ್ ಕಣಗಳಲ್ಲಿ ಇವೆರಡೂ ಕಡಿಮೆ. ರೋಗಾಣು ಒಂದೇ, ಉಣ್ಣೆ ಒಂದೇ. ಆದರೆ ಒಳಗಿನ ಎಳೆಗಳು ಎಷ್ಟು ಕುಣಿಯುತ್ತವೆ ಅನ್ನುವುದರಲ್ಲಿ ತಳಿಯಿಂದ ತಳಿಗೆ ವ್ಯತ್ಯಾಸ ಇದೆ. ನಾಟಿ ದನಕ್ಕೆ ಉಣ್ಣೆ ಜ್ವರ ತಗುಲಿದರೂ ಎದ್ದು ಓಡಾಡುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಾ ಬಂದಿದ್ದು ಬರೀ ಅಭಿಮಾನದ ಮಾತಲ್ಲ.

ಕೋಟೆ ಹಾಡಿಗಳ ರಕ್ತದಲ್ಲಿ

ಎಳೆಗಳಲ್ಲಿನ ವ್ಯತ್ಯಾಸ ಪರೋಪಜೀವಿಯನ್ನು ತಡೆಯಬಲ್ಲದು ಅನ್ನುವುದಕ್ಕೆ ಮನುಷ್ಯರಲ್ಲೂ ಒಂದು ಉದಾಹರಣೆ ಇದೆ. ಅದೂ ನಮ್ಮ ಪಕ್ಕದ ಮೈಸೂರು ಜಿಲ್ಲೆಯದ್ದೇ. ಎಚ್.ಡಿ. ಕೋಟೆ, ಹುಣಸೂರು ಕಡೆಯ ಆದಿವಾಸಿ ಹಾಡಿಗಳಲ್ಲಿ ಕುಡುಗೋಲು ರಕ್ತಕಣದ ತೊಂದರೆ, ಅಂದರೆ ಸಿಕಲ್ ಸೆಲ್, ಇದೆ. ಭಾರತದಲ್ಲಿ ಇದು ಮೊದಲು ವರದಿಯಾಗಿದ್ದು ಪಕ್ಕದ ನೀಲಗಿರಿಯಿಂದ, 1952ರಲ್ಲಿ. ಅಪ್ಪ ಅಮ್ಮ ಇಬ್ಬರಿಂದಲೂ ಈ ಜೀನ್ ಬಂದರೆ ಜೀವನಪೂರ್ತಿ ನೋವು. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ, ಜೊತೆಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಈ ರಕ್ಷಣೆಯ ಮಾತನ್ನು ವಿಜ್ಞಾನಿ ಆಂಥೊನಿ ಆಲಿಸನ್ 1954ರಲ್ಲೇ ಹೇಳಿದ್ದರು. ಹೇಗೆ ಅನ್ನುವುದು ಮಾತ್ರ ಬಹಳ ಕಾಲ ಸ್ಪಷ್ಟವಿರಲಿಲ್ಲ.

2011ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಿಂದ ಒಂದು ಉತ್ತರ ಬಂತು. ಕೆಂಪು ರಕ್ತಕಣದಲ್ಲಿ ಮೈಕ್ರೋಟ್ಯೂಬ್ಯೂಲ್ ಇಲ್ಲ. ಪೊರೆಯ ಕೆಳಗೆ ಸ್ಪೆಕ್ಟ್ರಿನ್ ಅನ್ನುವ ಪ್ರೋಟೀನಿನ ಬಲೆ, ಅದರ ಗಂಟುಗಳಲ್ಲಿ ತುಂಡು ತುಂಡು ಆಕ್ಟಿನ್, ಇಷ್ಟೇ. ಫಾಲ್ಸಿಪಾರಂ ಮಲೇರಿಯಾ ರೋಗಾಣು ಆ ಆಕ್ಟಿನ್ನನ್ನು ಬಿಡಿಸಿಕೊಂಡು ತನಗೆ ಬೇಕಾದ ಉದ್ದನೆಯ ಎಳೆಗಳನ್ನು ಕಟ್ಟುತ್ತದೆ. ಆ ಎಳೆಗಳ ಮೇಲೆ ತನ್ನ ಅಂಟು ಪ್ರೋಟೀನನ್ನು ಕಣದ ಹೊರಮೈಗೆ ಸಾಗಿಸುತ್ತದೆ. ಆಗ ಕಣಗಳು ರಕ್ತನಾಳದ ಗೋಡೆಗೆ ಅಂಟುತ್ತವೆ. ಮಲೇರಿಯಾ ಮಿದುಳಿಗೇರುವಂಥ ಅಪಾಯ ಬರುವುದು ಹೀಗೆ. ಕುಡುಗೋಲು ಹಿಮೊಗ್ಲೋಬಿನ್ ಇರುವ ಕಣದಲ್ಲಿ ಈ ಎಳೆಗಳು ನೆಟ್ಟಗೆ ಕಟ್ಟುವುದೇ ಇಲ್ಲ, ಅರ್ಧಂಬರ್ಧ ನಿಲ್ಲುತ್ತವೆ. ಸಾಗಾಟ ಕುಂಟುತ್ತದೆ. ರಕ್ಷಣೆಗೆ ಬೇರೆ ಕಾರಣಗಳೂ ಇವೆ, ಇದು ಅದರಲ್ಲೊಂದು. ಹಾಡಿಗಳಲ್ಲಿ ಸಿಕಲ್ ಸೆಲ್ ತಪಾಸಣೆ ಮಾಡುವವರು ಈ ಎರಡೂ ಮುಖವನ್ನು ಜನಕ್ಕೆ ಹೇಳಬೇಕು. ಇದು ಶಾಪವಲ್ಲ, ಮಲೇರಿಯಾ ಇದ್ದ ಕಾಡಿನಲ್ಲಿ ಬದುಕಿಸಿದ ಗುಣ ಅಂತ ಗೊತ್ತಾದರೆ ತಪಾಸಣೆಗೆ ಬರುವ ಹಿಂಜರಿಕೆ ಕಡಿಮೆಯಾಗುತ್ತದೆ ಅಂತ ನನ್ನ ನಂಬಿಕೆ.

ಔಷಧಿಯ ಪೇಚು

ಈಗ ಮತ್ತೆ ಕೊಟ್ಟಿಗೆಗೆ ಬರೋಣ. ರೋಗಾಣು ಎಳೆಗಳ ಮೇಲೆ ಇಷ್ಟು ಅವಲಂಬಿಸಿದ್ದರೆ ಆ ಎಳೆಗಳನ್ನೇ ಕತ್ತರಿಸುವ ಔಷಧಿ ಕೊಟ್ಟರಾಯಿತಲ್ಲ ಅನ್ನಿಸಬಹುದು. ಅಂಥ ಔಷಧಿ ನಿಮ್ಮ ಮನೆಯಲ್ಲಿ ಈಗಾಗಲೇ ಇದೆ. ಕರುವಿಗೆ ಜಂತುಹುಳಕ್ಕೆ ಕುಡಿಸುವ ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಕೆಲಸ ಮಾಡುವುದು ಹೀಗೇ. ಹುಳದ ಟ್ಯೂಬುಲಿನ್ನಿಗೆ ಅಂಟಿ ಅದರ ಮೈಕ್ರೋಟ್ಯೂಬ್ಯೂಲ್‌ಗಳನ್ನು ಕೆಡಿಸುತ್ತವೆ. ಹುಳಕ್ಕೆ ಆಹಾರ ಹೀರಿಕೊಳ್ಳಲು ಆಗದೆ ಸಾಯುತ್ತದೆ. ಹುಳದ ಟ್ಯೂಬುಲಿನ್ನಿಗೂ ಹಸುವಿನದಕ್ಕೂ ಸ್ವಲ್ಪ ವ್ಯತ್ಯಾಸ ಇರುವುದರಿಂದ ಕರುವಿಗೆ ಏನೂ ಆಗುವುದಿಲ್ಲ.

ಥೈಲೇರಿಯಾ ವಿಷಯದಲ್ಲಿ ಈ ಉಪಾಯ ನಡೆಯುವುದಿಲ್ಲ. ಇಲ್ಲಿ ರೋಗಾಣು ಹಿಡಿದಿರುವುದು ಹಸುವಿನದೇ ಎಳೆ. ಅದನ್ನು ಕತ್ತರಿಸುವ ವಸ್ತುಗಳೂ ಇವೆ. ಬೇಲಿ ಸಾಲಲ್ಲಿ ಹಬ್ಬಿ, ಕೆಂಪು ಹಳದಿ ಹೂ ಬಿಡುವ ಅಗ್ನಿಶಿಖೆಯ ಗೆಡ್ಡೆಯಲ್ಲಿ ಕಾಲ್ಚಿಸಿನ್ ಇದೆ, ಅದು ಟ್ಯೂಬುಲಿನ್ನಿಗೆ ಅಂಟುವ ವಿಷ. ಗೆಡ್ಡೆ ತಿಂದ ದನವೂ ಉಳಿಯುವುದು ಕಷ್ಟ, ಮನುಷ್ಯರೂ ಅಷ್ಟೆ. ಕ್ಯಾನ್ಸರ್ ಔಷಧಿ ಟ್ಯಾಕ್ಸಾಲ್ ಕೆಲಸ ಮಾಡುವುದೂ ಮೈಕ್ರೋಟ್ಯೂಬ್ಯೂಲ್‌ಗಳ ಮೇಲೆ. ಮೂಳೆ ಮಜ್ಜೆ, ಕರುಳು, ಎಲ್ಲೆಲ್ಲಿ ಕೋಶಗಳು ದಿನಾ ಒಡೆಯುತ್ತವೋ ಅಲ್ಲೆಲ್ಲ ಇವುಗಳ ಏಟು ಬೀಳುತ್ತದೆ. ಹಾಲು ಕೊಡುವ ಪ್ರಾಣಿಗೆ ಇಂಥದ್ದನ್ನು ಕೊಡುವ ಮಾತೇ ಇಲ್ಲ. ಪಿಎಲ್‌ಕೆ1 ತಡೆಯುವ ವಸ್ತುಗಳಿಗೂ ಇದೇ ಕಷ್ಟ.

ಅದಕ್ಕೇ ನನಗೆ ಪಿ104ರ ಮೇಲೆ ಹೆಚ್ಚು ಆಸೆ. ಎಳೆ ಹಸುವಿನದು, ಹಿಡಿಯುವ ಕೈ ರೋಗಾಣುವಿನದು. ಎಳೆಯನ್ನು ಮುಟ್ಟದೆ ಆ ಕೈಯನ್ನಷ್ಟೇ ಬಿಡಿಸಿದರೆ ಹಸುವಿಗೆ ಹಾನಿ ಆಗಬಾರದು. ಆದರೆ ಇಂಥ ಔಷಧಿ ಇನ್ನೂ ಕೊಟ್ಟಿಗೆಗೆ ಬಂದಿಲ್ಲ. ಕೆಲಸವೂ ಸುಲಭ ಇಲ್ಲ, ಯಾಕೆಂದರೆ ರೋಗಾಣು ಹಿಡಿಯುವುದು ಒಂದೇ ಕಡೆ ಅಲ್ಲ. ಸಿಎಲ್‌ಎಎಸ್‌ಪಿ1 ಅನ್ನುವ ಇನ್ನೊಂದು ಹಸುವಿನ ಪ್ರೋಟೀನನ್ನೂ ಅದು ಮೈಮೇಲೆ ಕೂಡಿಸಿಕೊಳ್ಳುತ್ತದೆ.

ಹಾಗಾಗಿ ಇವತ್ತಿಗೆ ನಮ್ಮ ಕೈಲಿರುವುದು ಬುಪಾರ್ವಕ್ವೋನ್ ಒಂದೇ. 1980ರ ದಶಕದಲ್ಲಿ ಬಂದ ಔಷಧಿ. ಇದಕ್ಕೂ ಎಳೆಗಳಿಗೂ ಸಂಬಂಧ ಇಲ್ಲ, ಇದು ರೋಗಾಣುವಿನ ಮೈಟೊಕಾಂಡ್ರಿಯಾದಲ್ಲಿ ಶಕ್ತಿ ತಯಾರಾಗುವುದನ್ನು ನಿಲ್ಲಿಸುತ್ತದೆ. ಬೇಗ ಕೊಟ್ಟರೆ ಅದ್ಭುತವಾಗಿ ಕೆಲಸ ಮಾಡುತ್ತದೆ. ಆದರೆ ಟ್ಯುನೀಷಿಯಾ, ಇರಾನ್, ಟರ್ಕಿ, ಸುಡಾನ್‌ಗಳಲ್ಲಿ ಇದಕ್ಕೆ ಬಗ್ಗದ ರೋಗಾಣುಗಳು ಬಂದಿವೆ. ರೋಗಾಣುವಿನ ಸೈಟೋಕ್ರೋಮ್ ಬಿ ಜೀನ್‌ನಲ್ಲಿ ಸಣ್ಣ ಬದಲಾವಣೆ ಆದರೆ ಔಷಧಿ ಕೂರುವ ಜಾಗವೇ ಕೆಡುತ್ತದೆ. ಅಲ್ಲಿ ಆದದ್ದು ಇಲ್ಲಿ ಆಗುವುದಿಲ್ಲ ಅಂತ ಧೈರ್ಯ ಹೇಳಲು ಯಾವ ಕಾರಣವೂ ಇಲ್ಲ.

ಜೋರು ಜ್ವರ ಅಂದ ತಕ್ಷಣ ಸ್ಲೈಡ್ ನೋಡದೆ, ಅಂದಾಜಿನ ಮೇಲೆ ಈ ಇಂಜೆಕ್ಷನ್ ಹಾಕುವುದು ಹಳ್ಳಿ ಕಡೆ ರೂಢಿ. ದೂರದ ಊರು, ರಾತ್ರಿ ಹೊತ್ತು, ಹಸು ಸಾಯುವ ಭಯ. ಯಾರನ್ನೂ ದೂರಲಾಗುವುದಿಲ್ಲ. ಆದರೆ ಔಷಧಿ ದುಬಾರಿ ಅಂತ ಕಡಿಮೆ ಹಾಕುವುದು ಮಾತ್ರ ಖಂಡಿತ ತಪ್ಪು. ಲೆಕ್ಕ ಇರುವುದು ಹಸುವಿನ 20 ಕೆ.ಜಿ. ತೂಕಕ್ಕೆ 1 ಮಿ.ಲೀ. ಅಂದರೆ 400 ಕೆ.ಜಿ. ಹಸುವಿಗೆ 20 ಮಿ.ಲೀ. ಬೇಕು. ಹತ್ತು ಮಿ.ಲೀ. ಹಾಕಿ ಕೈತೊಳೆದುಕೊಂಡರೆ ದುರ್ಬಲ ರೋಗಾಣು ಸಾಯುತ್ತದೆ, ಗಟ್ಟಿ ರೋಗಾಣು ಉಳಿಯುತ್ತದೆ. ಅದನ್ನು ಉಣ್ಣೆ ಪಕ್ಕದ ಮನೆ ಹಸುವಿಗೆ ದಾಟಿಸುತ್ತದೆ. ಜ್ವರ, ರಕ್ತಹೀನತೆ ಕೇರಳ, ಕರ್ನಾಟಕದಲ್ಲಿ ಕಂಡಿರುವ ಥೈಲೇರಿಯಾ ಓರಿಯೆಂಟಾಲಿಸ್‌ನಿಂದಲೂ ಬರಬಹುದು. ಅದು ಬಿಳಿ ಕಣಗಳನ್ನು ಹೀಗೆ ಹುಚ್ಚು ಹಿಡಿಸುವುದಿಲ್ಲ. ಗಂಜಲ ಕೆಂಪಗಾಗುವ ಬೆಬೀಸಿಯಾ ಜ್ವರದ ಚಿಕಿತ್ಸೆಯೇ ಬೇರೆ. ಒಂದು ಸ್ಲೈಡ್, ಒಂದು ಬಾಟಲಿ ಜಿಮ್ಸಾ ಬಣ್ಣ, ನೆಟ್ಟಗಿರುವ ಒಂದು ಸೂಕ್ಷ್ಮದರ್ಶಕ ಪ್ರತಿ ಹೋಬಳಿ ಪಶು ಆಸ್ಪತ್ರೆಯಲ್ಲೂ ಬಳಕೆಯಲ್ಲಿ ಇರಬೇಕು ಅಂತ ಕೇಳುವುದು ಅತಿಯಾಸೆ ಅಲ್ಲ.

ಲಸಿಕೆಯೂ ಇದೆ, ನಮ್ಮ ದೇಶದಲ್ಲೇ ತಯಾರಾಗುವ ರಕ್ಷಾವ್ಯಾಕ್-ಟಿ. ಅದರ ಹುಟ್ಟೇ ಈ ಎಳೆಗಳ ಕಥೆಯಿಂದ. ಸೋಂಕಿದ ಬಿಳಿ ಕಣಗಳು ಸಾಯದೆ ಒಡೆಯುತ್ತಲೇ ಇರುವುದರಿಂದ, ಪ್ರತಿ ಮರಿಕೋಶಕ್ಕೂ ರೋಗಾಣು ತಪ್ಪದೆ ದಾಟುವುದರಿಂದ, ಅವನ್ನು ಪ್ರಯೋಗಾಲಯದ ಬಾಟಲಿಯಲ್ಲಿ ಬಹಳ ಕಾಲ ಬೆಳೆಸಬಹುದು. ಹಾಗೆ ಬೆಳೆಸುತ್ತಾ ಹೋದರೆ ರೋಗಾಣುವಿನ ಕಾವು ಇಳಿಯುತ್ತದೆ. ಆ ಜೀವಂತ ಕಣಗಳೇ ಲಸಿಕೆ. ಜೀವಂತ ಆದ್ದರಿಂದ ಫ್ರಿಜ್ ಸಾಲದು, ದ್ರವ ಸಾರಜನಕದಲ್ಲೇ ಇಡಬೇಕು. ಇದೇ ದೊಡ್ಡ ಅಡ್ಡಿ ಅನ್ನುತ್ತಾರೆ. ಆದರೆ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳು ಊರೂರಿಗೆ ಬರುತ್ತಿರುವುದು ಅದೇ ದ್ರವ ಸಾರಜನಕದ ಕ್ಯಾನುಗಳಲ್ಲಿ ತಾನೇ? ಮದ್ದೂರು, ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ ಎಲ್ಲ ಕಡೆ ಆ ವ್ಯವಸ್ಥೆ ಓಡುತ್ತಿದೆ. ಸೀಮೆಹಸು ತರಿಸಿದ ದಾರಿಯಲ್ಲೇ ಅದರ ಲಸಿಕೆಯೂ ಬರಬಹುದು. ಇದನ್ನು ಡೇರಿ ಸಭೆಗಳಲ್ಲಿ ಎತ್ತಿ ಕೇಳುವವರು ಬೇಕು.

ಇನ್ನು ಆ ಎರಡು ಮೂರು ದಿನದ ಮಾತು. ಒಮ್ಮೆ ರೋಗಾಣು ಕದಿರೆಳೆ ಹಿಡಿದ ಮೇಲೆ ನಮಗೆ ದಾರಿಗಳು ಕಡಿಮೆ. ಉಣ್ಣೆ ಕಚ್ಚಿ ಕೂತ ಮೊದಲ ದಿನಗಳಲ್ಲಿ ದಾರಿ ಪೂರ್ತಿ ತೆರೆದಿದೆ. ದಿನಾ ಹಾಲು ಕರೆಯುವಾಗ ಕಿವಿಯ ಒಳಗೆ, ಕೆಚ್ಚಲಿನ ಮೇಲೆ, ಬಾಲದ ಬುಡದಲ್ಲಿ, ತೊಡೆ ಸಂದಿಯಲ್ಲಿ ಬೆರಳಾಡಿಸಿ ನೋಡಬೇಕು. ಸಿಕ್ಕ ಉಣ್ಣೆಯನ್ನು ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಬೇಕು, ಬರಿಗೈಯಲ್ಲಿ ಹಿಸುಕಬಾರದು. ತೆಗೆದದ್ದನ್ನು ಸೀಮೆಎಣ್ಣೆಗೋ ಸೋಪಿನ ನೀರಿಗೋ ಹಾಕಬೇಕು. ಹಸುವಿನ ಮೈಗೆ ಮಾತ್ರ ಔಷಧಿ ಹೊಡೆದು ಸುಮ್ಮನಾದರೆ ಸಾಲದು. ಹಯಲೋಮಾ ಉಣ್ಣೆಗಳು ಮೊಟ್ಟೆ ಇಡುವುದು, ಪೊರೆ ಕಳಚುವುದು ಕೊಟ್ಟಿಗೆಯ ಗೋಡೆ ಬಿರುಕಿನಲ್ಲಿ, ಗೊಂತಿನ ಸಂದಿಯಲ್ಲಿ. ಮೊಟ್ಟೆಯಿಂದ ಬಂದ ಮರಿಗೆ ರೋಗಾಣು ತಾಯಿಯಿಂದ ಬರುವುದಿಲ್ಲ. ರೋಗದ ಹಸುವಿನ ರಕ್ತ ಕುಡಿದ ಮೇಲೆಯೇ, ಮುಂದಿನ ಹಂತಕ್ಕೆ ಬೆಳೆದಾಗ ಅದು ಹರಡಲು ಶುರು ಮಾಡುವುದು. ಬೇಸಿಗೆ ಮುಗಿಯುವ ಮೊದಲೇ ಆ ಬಿರುಕುಗಳನ್ನು ಸಿಮೆಂಟಿನಲ್ಲಿ ಮುಚ್ಚಿ, ಸುಣ್ಣ ಬಳಿದು, ಡಾಕ್ಟ್ರು ಹೇಳಿದ ಅಳತೆಯಲ್ಲಿ ಡೆಲ್ಟಾಮೆಥ್ರಿನ್‌ನಂಥ ಔಷಧಿಯನ್ನು ಗೋಡೆಗೂ ಹೊಡೆದರೆ, ಮಳೆ ಬಿದ್ದ ಮೇಲೆ ಏಳುವ ಉಣ್ಣೆಗಳ ಸಂಖ್ಯೆ ಆ ಕೊಟ್ಟಿಗೆಯಲ್ಲಿ ಕಡಿಮೆ ಇರುತ್ತದೆ.